ಪದ್ಮಾಕ್ಷಿ ಟೀಚರರ ವರ್ಷಾಶನ

ಮೂಡುಬಿದಿರೆಯ ಶಾಲೆಯಲ್ಲಿ ಮೂವತ್ತೆರಡು ವರ್ಷ ಮಗ್ಗಿ ಬಾಯಿಪಾಠ ಮಾಡಿಸಿದ ಪದ್ಮಾಕ್ಷಿ ಟೀಚರರಿಗೆ ಅರುವತ್ತೆರಡನೇ ಇಸವಿಯಲ್ಲಿ ನಿವೃತ್ತಿಯಾಯಿತು. ಅವರ ಶಾಲೆಯವರಿಗೆ ಪಿಂಚಣಿ ಇರಲಿಲ್ಲ. ಪ್ರಾವಿಡೆಂಟ್ ಫಂಡಿನ ಆರು ಸಾವಿರ ರೂಪಾಯಿ ಕೈಗೆ ಬಂತು. ಇನ್ನು ಬದುಕಿರುವಷ್ಟು ದಿನ ಅನ್ನ, ಸೀರೆ, ಮದ್ದು ಎಲ್ಲ ಅದರಲ್ಲೇ ಆಗಬೇಕು. ಗಂಡ ತೀರಿಕೊಂಡು ಎಷ್ಟೋ ವರ್ಷವಾಗಿತ್ತು, ಮಕ್ಕಳಿರಲಿಲ್ಲ. ಟೀಚರ್ ಬಂಟ್ವಾಳದ ತಾಯಿಮನೆಗೆ ಬಂದು, ತೀರಿಹೋದ ತಂಗಿಯ ಮಗ ಶೇಖರನ ಜೊತೆ ಇರತೊಡಗಿದರು.

ಬಂದ ವಾರದಲ್ಲೇ ಆ ಹಣಕ್ಕೆ ಎರಡು ದಾರಿ ಕಾಣಿಸಿದವು. ಒಂದು ಶೇಖರನದು. ವಿಟ್ಲದ ಅಡಿಕೆಯನ್ನು ಮಂಗಳೂರಿಗೆ ಸಾಗಿಸಲು ಅವನು ಅಬ್ದುಲ್ ಹಕೀಂ ಎಂಬ ವ್ಯಾಪಾರಿಯ ಜೊತೆ ಪಾಲಿನಲ್ಲಿ ಲಾರಿ ಕೊಳ್ಳುವವನಿದ್ದ.

"ದೊಡ್ಡಮ್ಮ, ನೀವೂ ಒಂದು ಪಾಲು ಹಾಕಿ. ತಿಂಗಳಿಗೆ ಎಪ್ಪತ್ತೈದು ನಾನು ಕೊಡ್ತೇನೆ. ಅಸಲು ನಿಮ್ಮ ಹೆಸರಲ್ಲೇ ಉಂಟಲ್ಲ, ಬೇಡ ಅನ್ನಿಸಿದ ದಿನ ತೆಗೆಯುವ" ಎಂದ.

ಇನ್ನೊಂದು ವಿಮೆಯ ಏಜೆಂಟ್ ಸುಧಾಕರನದು. ಆರು ಸಾವಿರವನ್ನೂ ಕಟ್ಟಿದರೆ ಜೀವ ಇರುವವರೆಗೆ ವರ್ಷಕ್ಕೆ ಐನೂರ ನಲವತ್ತು ರೂಪಾಯಿ ವರ್ಷಾಶನ. ಅಂದರೆ ತಿಂಗಳಿಗೆ ಬರೀ ನಲವತ್ತೈದು. ಟೀಚರ್ ಕಣ್ಣು ಮುಚ್ಚಿದರೆ ಅದೂ ನಿಂತಿತು. ಅಸಲಿನ ಒಂದು ಕಾಸೂ ಯಾರಿಗೂ ಸಿಗುವುದಿಲ್ಲ.

ಎರಡರಲ್ಲಿ ಯಾವುದು ಲಾಭವೆಂದು ಅವರ ಎರಡನೇ ಕ್ಲಾಸಿನ ಮಕ್ಕಳೂ ಹೇಳುತ್ತಿದ್ದರು. ಟೀಚರ್ ಹೋಗಿ ಸುಧಾಕರನ ಕಾಗದಕ್ಕೆ ಸಹಿ ಹಾಕಿದರು.

ಊರು ನಕ್ಕಿತು. ನಗದೆ ಏನು ಮಾಡೀತು? ಕಾರಣವನ್ನು ಅವರು ಯಾರಿಗೂ ಹೇಳಿರಲಿಲ್ಲ. ಇವರದು ಅಳಿಯಕಟ್ಟಿನ ಮನೆ, ಸತ್ತವರ ಸೊತ್ತು ಸೋದರಿಯ ಮಕ್ಕಳಿಗೆ. ಹಿಂದೆ ಸೋದರಮಾವ ಸುಬ್ಬಯ್ಯ ಹಾಸಿಗೆ ಹಿಡಿದಾಗ ಏಳು ಮಂದಿ ಅಳಿಯಂದಿರು ಚಾವಡಿಯಲ್ಲಿ ಎಲೆಯಡಿಕೆ ಮೆಲ್ಲುತ್ತಾ ಕೂತಿದ್ದರು. ಅವರಲ್ಲೊಬ್ಬ, ಮಾವನ ಉಸಿರು ಆಡುತ್ತಿರುವಾಗಲೇ, ಅವರ ಉಡಿದಾರದಿಂದ ಪೆಟ್ಟಿಗೆಯ ಬೀಗದ ಕೈ ಬಿಚ್ಚಿಕೊಂಡ. ಮಾವ ಕಣ್ಣು ತೆರೆದು ಅದನ್ನು ನೋಡಿದರು. ತಾನು ಸತ್ತರೆ ಯಾರಿಗೂ ಚಿಕ್ಕಾಸಿನ ಲಾಭವಾಗಕೂಡದು ಎಂದು ಟೀಚರ್ ಅಂದೇ ನಿಶ್ಚಯಿಸಿದ್ದರು.

ಶೇಖರ ಬ್ಯಾಂಕಿನಲ್ಲಿ ಸಾಲ ಮಾಡಿ ಲಾರಿ ಕೊಂಡ. ಲಾರಿ ಕೈ ಹಿಡಿಯಿತು, ನಾಲ್ಕು ವರ್ಷದಲ್ಲಿ ಎರಡಾಯಿತು. ಟೀಚರರ ಆರು ಸಾವಿರ ಅದರಲ್ಲಿದ್ದಿದ್ದರೆ ಹನ್ನೆರಡಾಗುತ್ತಿತ್ತೆಂದು ಹೇಳಲು ಜನ ಬೇಕಾದಷ್ಟಿದ್ದರು, ಶೇಖರ ಮಾತ್ರ ಒಂದು ದಿನವೂ ಎತ್ತಿ ಆಡಲಿಲ್ಲ. ವರ್ಷಾಶನ ಬರಬೇಕಾದರೆ ಟೀಚರ್ ಜೀವಂತ ಇದ್ದಾರೆಂದು ಪ್ರತಿ ನವೆಂಬರಿನಲ್ಲಿ ಸರಕಾರಿ ಡಾಕ್ಟರು ಬರೆದುಕೊಡಬೇಕು. ಲಾರಿಯ ಮುಂದಿನ ಸೀಟಿನಲ್ಲಿ ಅವರನ್ನು ಕೂರಿಸಿ ಕರೆದುಕೊಂಡು ಹೋಗುತ್ತಿದ್ದವನೂ ಅವನೇ.

ಅರುವತ್ತಾರರ ಬೇಸಗೆಯಲ್ಲಿ ಟೀಚರರಿಗೆ ಟೈಫಾಯ್ಡ್ ಆಯಿತು. ಎರಡೂ ಲಾರಿಗಳನ್ನು ಹಕೀಮರಿಗೆ ಒಪ್ಪಿಸಿ ಶೇಖರ ಹದಿನೆಂಟು ದಿನ ಮಂಗಳೂರಿನ ಆಸ್ಪತ್ರೆಯಲ್ಲಿ ಕೂತ. ಮನೆಗೆ ಬಂದ ಮೇಲೂ ಗಂಜಿ ಕುಡಿಸುವವನು ಅವನೇ. ಟೀಚರರ ಮನಸ್ಸು ಕರಗಿತು. ಕರಗಿದ ಮನಸ್ಸಿನಲ್ಲಿ ಮಾತು ನಿಲ್ಲುವುದಿಲ್ಲ.

"ನಿನ್ನ ಲಾರಿಗೆ ನಾನು ಯಾಕೆ ಹಣ ಹಾಕಲಿಲ್ಲ ಗೊತ್ತುಂಟಾ?" ಎಂದರು. "ನಾನು ಸಾಯುವುದನ್ನು ನೀನು ಕಾಯುವ ಹಾಗೆ ಆಗಬಾರದು ಅಂತ."

ಹಣದಾಸೆಯಿಲ್ಲದೆ ನೋಡಿಕೊಂಡವನನ್ನು ಹೊಗಳಿದೆನೆಂದೇ ಅವರು ತಿಳಿದಿದ್ದರು. ಶೇಖರ ಬಟ್ಟಲು ಕೆಳಗಿಟ್ಟ.

"ನನ್ನನ್ನು ಹಾಗೆ ಎಣಿಸಿದ್ರಾ ನೀವು?"

"ನಿನ್ನನ್ನು ಅಲ್ಲ ಮಾರಾಯ. ಹಣ ಇದ್ದರೆ ಮನುಷ್ಯರು ಹಾಗೆ."

"ಮನೆಯಲ್ಲಿ ಇದ್ದದ್ದು ನಾನೊಬ್ಬನೇ ಅಲ್ವಾ?"

ಶೇಖರ ಬಟ್ಟಲು ಎತ್ತಿಕೊಂಡು ಉಳಿದ ಗಂಜಿಯನ್ನೂ ಕುಡಿಸಿದ. ಆಮೇಲೂ ಮದ್ದು, ಬಿಸಿನೀರು ಯಾವುದಕ್ಕೂ ಕೊರತೆಯಾಗಲಿಲ್ಲ. ದೊಡ್ಡಮ್ಮ ಎಂದು ಕರೆಯುವುದೊಂದು ನಿಂತಿತು. ಟೀಚರರಿಗೆ ಅದು ಟೈಫಾಯ್ಡಿಗಿಂತ ಹೆಚ್ಚು ನೋವು ಕೊಟ್ಟಿತು.

ನವೆಂಬರಿನಲ್ಲಿ ಶೇಖರ ಎಂದಿನಂತೆ ಅವರನ್ನು ಕರೆದುಕೊಂಡು ಹೋದ. ಆಸ್ಪತ್ರೆಗೆ ಹೊಸ ಡಾಕ್ಟರು ಬಂದಿದ್ದರು. ಟೀಚರರ ನಾಡಿ ಹಿಡಿದು, ಬಾಗಿಲಲ್ಲಿ ನಿಂತವನನ್ನು ನೋಡಿ, "ಇವರು ನಿಮಗೆ ಏನಾಗಬೇಕು?" ಎಂದು ಕೇಳಿದರು.

"ನಮ್ಮ ಮನೆಯಲ್ಲಿ ಇರ್ತಾರೆ. ಟೀಚರ್" ಎಂದ ಶೇಖರ.

ಡಾಕ್ಟರು ಪದ್ಮಾಕ್ಷಿ ಜೀವಂತ ಇದ್ದಾರೆಂದು ಬರೆದು ಮೊಹರು ಒತ್ತಿದರು.