ಒಣಗಬಾರದ ಎಳೆಗಳು

ಲಕ್ಷ್ಮಿಬಾಯಿ ಬಾವಿಯಿಂದ ಸೇದಿ ತಂದ ನೀರನ್ನು ಎರಡು ಪದರದ ಬಟ್ಟೆಯಲ್ಲಿ ಸೋಸುತ್ತಿದ್ದಳು. ಕೊಡ ಅರ್ಧ ತುಂಬಿತ್ತು. ಅವಳ ಗಂಡ ಜಯಪಾಲ ಒಳಕೋಣೆಯಿಂದ ಬಂದು ಬಾಗಿಲ ಚೌಕಟ್ಟು ಹಿಡಿದು ನಿಂತ.

"ಅಪ್ಪಾರು ಏಳವಲ್ರು," ಎಂದ.

ಅವಳ ಕೈಯಲ್ಲಿದ್ದ ಬಿಂದಿಗೆಯ ನೀರು ಬಟ್ಟೆಯ ಮೇಲೆ ಬೀಳುತ್ತಲೇ ಇತ್ತು. ನೀರು ಕೊಡದ ಕಂಠದಿಂದ ಉಕ್ಕಿ ಪಾದ ತೋಯಿಸಿದಾಗಲೇ ಅವಳಿಗೆ ಆ ಮಾತು ತಿಳಿದದ್ದು.

ಬಿಸಿಲು ಗೋಡೆಗೆ ಬರುವ ಹೊತ್ತಿಗೆ ಉಗಾರದ ಆ ಓಣಿಯವರೆಲ್ಲ ಅಂಗಳದಲ್ಲಿದ್ದರು. ಕಬ್ಬಿನ ಹಂಗಾಮು ಇನ್ನೂ ಮುಗಿದಿರಲಿಲ್ಲ. ಸಕ್ಕರೆ ಕಾರಖಾನೆಯ ಸಿಹಿ ಹೊಗೆ ಮನೆಯ ಮೇಲೆ ನಿಂತು, ಯಾರದೋ ಮದುವೆಯ ಅಡಿಗೆ ನಡೆದಿದೆಯೇನೋ ಅನ್ನಿಸುತ್ತಿತ್ತು. ಮುಂಜಾವದ ನಿದ್ದೆಯಲ್ಲೇ ತೀರಿಕೊಂಡಿದ್ದ ಮಾವ ದಾದಾಸಾಹೇಬರ ಮುಖವೂ ಆ ವಾಸನೆಯನ್ನು ಹೀರುತ್ತಿರುವಂತೆ ಹಗುರಾಗಿತ್ತು.

"ಲಕ್ಷ್ಮೀ, ಮನ್ಯಾಗಿನ ನೀರೆಲ್ಲಾ ಚೆಲ್ಲವ್ವ," ಎಂದಳು ಸೋನಾಬಾಯಿ. ಅವಳು ದಾದಾಸಾಹೇಬರ ವಿಧವೆ ತಂಗಿ; ಊರ ಸಾವುಗಳಿಗೆಲ್ಲ ಮುಂದೆ ನಿಲ್ಲುವವಳು. "ಸಾವಾದ ಮನ್ಯಾಗ ನಿಂತ ನೀರ ಇರಬಾರ್ದು."

ಹಂಡೆ ಬರಿದಾಯಿತು. ಕೊಡಗಳು ಬೋರಲಾದವು. ಅಟ್ಟದ ಕೆಳಗಿನ ಸ್ಟೀಲಿನ ತಂಬಿಗೆಯ ಬಳಿ ಬಂದಾಗ ಎಂಟು ವರ್ಷದ ರಾಜಮತಿ ಅದನ್ನು ಎರಡೂ ತೋಳಿನಿಂದ ಅಪ್ಪಿ ಹಿಡಿದಿದ್ದಳು.

"ಇದು ಅಜ್ಜಂದು."

"ಅಜ್ಜಂದು ಅಂತನ ಚೆಲ್ಲೂದು ಬೇ. ಬಿಡು."

ಸೋನಾಬಾಯಿ ತಂಬಿಗೆ ಕಸಿದು ಕರಿಬೇವಿನ ಬುಡಕ್ಕೆ ಸುರಿದಳು. ಮಣ್ಣು ಗುಟುಕರಿಸಿ ಕುಡಿಯಿತು. ರಾಜಮತಿ ಅದನ್ನೇ ನೋಡಿದಳು. ಏನೋ ಹೇಳಲು ಬಾಯಿ ತೆರೆದಳು, ಮತ್ತೆ ಮುಚ್ಚಿದಳು. ಲಕ್ಷ್ಮಿಬಾಯಿ ಬಾಗಿಲಿನಿಂದ ಅದನ್ನು ಕಂಡಳು. ಮಗಳ ಬಾಯಿ ಹಾಗೆ ತೆರೆದು ಮುಚ್ಚುವುದನ್ನು ಅವಳು ಐದು ದಿನಗಳಿಂದ ನೋಡುತ್ತಲೇ ಇದ್ದಳು.

*

ನಾಲ್ಕು ವರ್ಷದ ಹಿಂದೆ, ಎಂಬತ್ತೊಂಬತ್ತರ ಹಂಗಾಮಿನಲ್ಲಿ, ಪುಣೆಯಿಂದ ಇಬ್ಬರು ಎಂಜಿನಿಯರುಗಳು ಕಾರಖಾನೆಗೆ ಒಂದು ಯಂತ್ರ ತಂದಿದ್ದರು. ಕಬ್ಬಿನ ಹಾಲನ್ನು ಕುದಿಸದೆಯೇ ಅದರ ಕೊಳೆ ಬೇರೆ ಮಾಡಬಹುದು ಎಂದರು. ದಾದಾಸಾಹೇಬರು ನಕ್ಕರು. ಕುದಿಯುವ ರಸದ ಮುಂದೆ ಮೂವತ್ತು ವರ್ಷ ನಿಂತು, ಬೆರಳ ನಡುವೆ ಪಾಕದ ಎಳೆ ಎಳೆದು ಹದ ಹೇಳಿದ ಮನುಷ್ಯ.

ಎಂಜಿನಿಯರು ತೋಳುದ್ದದ ಒಂದು ಕೊಳವೆ ಬಿಚ್ಚಿ ತೋರಿಸಿದ. ಒಳಗೆ ಶ್ಯಾವಿಗೆಯಂಥ ಸಾವಿರಾರು ಬಿಳಿ ಎಳೆಗಳು. ಪಾಲಿಮರ್ ಎಂಬ ಪ್ಲಾಸ್ಟಿಕ್ ಜಾತಿಯ ವಸ್ತು. ಪ್ರತಿ ಎಳೆಯೂ ಒಳಗೆ ಟೊಳ್ಳು. ಅದರ ಗೋಡೆಯಲ್ಲಿ ಕಣ್ಣಿಗೆ ಕಾಣದ ರಂಧ್ರಗಳು. ರಸ ದಾಟುತ್ತದೆ, ಕೊಳೆ ಉಳಿಯುತ್ತದೆ. ಬೆಂಕಿ ಬೇಡ, ಹಬೆ ಬೇಡ, ಒಂದಿಷ್ಟು ಒತ್ತಡ ಸಾಕು.

ದಾದಾಸಾಹೇಬರು ಒಂದು ಎಳೆಯನ್ನು ಅಂಗೈಯಲ್ಲಿಟ್ಟುಕೊಂಡು ಬಹಳ ಹೊತ್ತು ನೋಡಿದರು. "ಇದು ನಮ್ಮ ಸೋಸು ಬಟ್ಟಿ ಅಲ್ಲೇನ್ರಿ ಸಾಹೇಬ್ರ?" ಎಂದು ಕೇಳಿದರು.

*

"ಮುಂದಿಂದು ನಾ ಹೇಳ್ತೀನಿ ಕೇಳ್ರಿ," ಎಂದ ಭರಮು. ಕಾರಖಾನೆಯಲ್ಲಿ ದಾದಾಸಾಹೇಬರ ಜೊತೆಗಾರ. ಅಂಗಳದಲ್ಲಿ ಚಟ್ಟದ ಬಿದಿರು ಕಟ್ಟುತ್ತಿದ್ದವನು ಹಗ್ಗವನ್ನು ಹಲ್ಲಲ್ಲಿ ಕಚ್ಚಿಯೇ ಮಾತಾಡಿದ. "ಕೊಳವಿ ತೊಳದ ರಾಡಿ ಗಟಾರಕ್ಕ ಚೆಲ್ಲು ಅಂದ್ರ ಸಾಹೇಬ್ರು. ಈ ಮಾರಾಯ ಬಕೀಟು ಸೈಕಲ್ಲಿಗೆ ಕಟ್ಟಿ ಕಬ್ಬಿನ ಹೊಲಕ್ಕ ಹೊಂಟಾನ! 'ಎಲ್ಲಿಂದ ಬಂದೈತಿ ಅಲ್ಲಿಗೆ ಬಿಡೂದು ನಮ್ಮ ಜೈನರ ಪದ್ಧತಿರಿ' ಅಂದ. ಪುಣೆ ಸಾಹೇಬ ಅದನ್ನ ವಹಿಯೊಳಗ ಬರಕೊಂಡ."

ಅಳುತ್ತಿದ್ದವರೂ ನಕ್ಕರು.

"ಮನ್ಯಾಗೂ ಹಂಗ," ಎಂದಳು ಸೋನಾಬಾಯಿ. "ಸೋಸು ಬಟ್ಟಿ ತಿರುವಿ, ಅದರಾಗಿನ ಜೀವ ಸಾಯಬಾರ್ದಂತ ಬಾವಿಗೇ ತೊಳೀತೀವಿ, ಅದು ಸರಿ. ಇವರು ಸಾಹೇಬ್ರು ಕೊಟ್ಟ ಕೊಳವೀನೂ ಹಿಂದ ಮುಂದ ತೊಳದು, ಚರಿಗಿ ತುಂಬಿ ಬಾವಿಗೆ ಒಯ್ಯಾವ್ರು. 'ಕಾಣದ ಜೀವಕ್ಕೂ ಗಾಡಿ ಹೂಡಿ ಊರಿಗೆ ಕಳಸ್ತಿಯಲ್ಲೋ ಅಣ್ಣಾ' ಅಂತಿದ್ದೆ."

ಯಂತ್ರ ಒಂದೇ ಹಂಗಾಮು ನಡೆಯಿತು. ಕಬ್ಬಿನ ಅಂಟಿಗೆ ರಂಧ್ರಗಳು ಕಟ್ಟಿಕೊಂಡವು. ಎಂಜಿನಿಯರುಗಳು ಹೋಗುವಾಗ, ಬಳಸದೆ ಉಳಿದಿದ್ದ ಒಂದು ಕೊಳವೆಯನ್ನು ದಾದಾಸಾಹೇಬರಿಗೆ ಕೊಟ್ಟು, ಒಮ್ಮೆ ನೆನೆದ ಮೇಲೆ ಇದು ಎಂದೂ ಒಣಗಬಾರದು, ಒಣಗಿದರೆ ರಂಧ್ರಗಳು ಮುಚ್ಚಿಹೋಗುತ್ತವೆ ಎಂದರು. ಅವರು ಅಟ್ಟದ ಮೇಲೆ ಬಕೀಟು ಇಟ್ಟು, ಕೆಳಗೆ ಕೊಳವೆ ತೂಗುಹಾಕಿದರು. ತನ್ನ ಭಾರಕ್ಕೆ ತಾನೇ ಇಳಿದ ನೀರು ಎಳೆಗಳನ್ನು ದಾಟಿ ತಂಬಿಗೆಗೆ ತೊಟ್ಟಿಕ್ಕತೊಡಗಿತು. ಬಕೀಟು ತುಂಬಿಡುವ ಕೆಲಸ ಮೊಮ್ಮಗಳದು. ಅದನ್ನು ಬೇರೆ ಯಾರೂ ಮುಟ್ಟುವಂತಿರಲಿಲ್ಲ. ಮಧ್ಯಾಹ್ನ ರಾಜಮತಿ ಅದರ ಕೆಳಗೇ ಮಲಗುತ್ತಿದ್ದಳು. ಹನಿಯ ಸದ್ದು ಬರಿಗಾಲಲ್ಲಿ ಯಾರೋ ನಿಧಾನವಾಗಿ ಮನೆಗೆ ಬರುತ್ತಿರುವಂತೆ ಕೇಳುತ್ತಿತ್ತು. ಬರುವವರು ಬಾಗಿಲು ಮುಟ್ಟುವ ಮೊದಲೇ ಅವಳಿಗೆ ನಿದ್ದೆ ಹತ್ತುತ್ತಿತ್ತು.

*

ಹೋದ ವಾರ ಮನೆಮಂದಿಯೆಲ್ಲ ಚಿಕ್ಕೋಡಿಗೆ ಒಂದು ತೊಟ್ಟಿಲ ಕಾರ್ಯಕ್ಕೆ ಹೋಗಿದ್ದರು. ಬಕೀಟು ತುಂಬಿ, ಕೊಳವೆಯ ಬಾಯಿಗೆ ಬಿರಡೆ ಹಾಕಿ ಬಾ ಎಂದು ಅಜ್ಜ ಹೇಳಿದ್ದರು. ಹೊಸ ಲಂಗದ ಸಡಗರದಲ್ಲಿ ರಾಜಮತಿ ಮರೆತಳು. ನಾಲ್ಕನೆಯ ದಿನ ಮರಳಿ ಬಂದು ಎಲ್ಲರಿಗಿಂತ ಮೊದಲು ಏಣಿ ಹತ್ತಿದಾಗ ಬಕೀಟಿನ ತಳ ಒಣಗಿ ಬೆಳ್ಳಗಾಗಿತ್ತು. ನೀರು ತುಂಬಿದಳು. ಕಾದಳು. ಒಂದು ಹನಿಯೂ ಇಳಿಯಲಿಲ್ಲ. ಆಗ ಅಡಿಗೆಮನೆಯ ಕೊಡದಿಂದ ತಂದು ತಂಬಿಗೆ ತುಂಬಿಟ್ಟಳು. ದಿನಾ ಹಾಗೇ ತುಂಬಿದಳು.

ಈಗ ಅವಳು ಕಂಬಕ್ಕೆ ಒರಗಿ ನಿಂತಿದ್ದಳು.

"ಏನಾಗಿತ್ತೋ ಜಯಪಾಲಾ?" ಎಂದು ಯಾರೋ ಕೇಳಿದರು. "ನಿನ್ನೆ ಏನ ಉಂಡಿದ್ರು, ಏನ ಕುಡದಿದ್ರು?"

"ಹೊತ್ತು ಮುಳುಗೂಕಿಂತ ಮೊದಲ ಊಟಾ ಮಾಡಿ, ನೀರ ಕುಡದು ಮಲಗಿದ್ರು. ಅಷ್ಟ."

"ಎದಿ ಗುಂಡಿಗಿ ದೊಡ್ಡದಾಗೇತಿ ಅಂತ ಅಥಣಿ ಡಾಕ್ಟರ್ ಎರಡು ವರ್ಷದ ಹಿಂದನ ಹೇಳಿದ್ರಲ್ಲ," ಎಂದ ಭರಮು.

ಆದರೆ ರಾಜಮತಿ ಆಗಲೇ ಹಿತ್ತಲಿಗೆ ಓಡಿದ್ದಳು. ಅವಳಿಗೆ 'ನೀರ ಕುಡದು' ಎಂಬಷ್ಟೇ ಕೇಳಿಸಿತ್ತು.

*

ಚಿಕ್ಕೋಡಿಯಿಂದ ಬಂದ ಮರುದಿನ ಮುಂಜಾನೆ ದಾದಾಸಾಹೇಬರು ಒಲೆಯ ಬಳಿ ಬಂದು ಕುಳಿತಿದ್ದರು.

"ಲಕ್ಷ್ಮೀ, ನನಗ ಇನ್ನ ನೀರ ಕುದಿಸಿ ಕೊಡವ್ವ. ಬ್ಯಾರೆ ಚರಿಗ್ಯಾಗ, ಯಾರಿಗೂ ಕಾಣದಂಗ."

"ಮೂವತ್ತು ವರ್ಷ ಕುದಿಸಿದ್ದು ಸಾಕಾಗ್ಲಿಲ್ಲೇನ್ರಿ ಮಾಮಾ?"

ಅವರು ನಗಲಿಲ್ಲ. "ಕೊಳವಿ ಒಣಗಿ ಹೋಗೇತಿ. ಕೂಸು ಕೊಡದ ನೀರ ತುಂಬಿಡಾಕತ್ತೈತಿ. ನಿನ್ನೆ ಒಂದು ಗುಟುಕಿಗೇ ಗೊತ್ತಾತು. ಬರೇ ಬಟ್ಟ್ಯಾಗ ಸೋಸಿದ್ದು ನನಗಿನ್ನ ಒಗ್ಗೂದಿಲ್ಲ. ನಾ ಛಲೋ ಐತಿ ಅಂದೆ."

"ಕರದು ಕೇಳ್ಲೇನ್ರಿ?"

"ಬ್ಯಾಡ. ಬೈದು ಕೇಳಿದ್ರ ಸುಳ್ಳು ಗಟ್ಟಿ ಆಗತೈತಿ. ತಾನ ಹೇಳ್ಲಿ. ಪುಣೆಗೆ ಕಾಗದಾ ಹಾಕ್ತೀನಿ, ಮತ್ತೊಂದು ಕೊಳವಿ ಕೊಟ್ರ ಕೊಟ್ರು. ಆಕಿ ಹೇಳೂತನಾ ಕಾಯೂಣು."

ಅಂದಿನಿಂದ ಅವರು ಮೊಮ್ಮಗಳ ಎದುರಿಗೆ ತಂಬಿಗೆಯಿಂದ ಲೋಟ ತುಂಬಿಕೊಂಡು ಹಿತ್ತಲಿಗೆ ಹೋಗಿ, ಕರಿಬೇವಿಗೆ ಸುರಿದು ಬರುತ್ತಿದ್ದರು. ಒಲೆಯ ಮುಂದೆ ಕುಳಿತು ಕುದಿಸಿದ ನೀರು ಕುಡಿಯುತ್ತಿದ್ದರು. ಲಕ್ಷ್ಮಿಬಾಯಿಯೂ ಕಾದಳು. ಜಡೆ ಹಾಕುವಾಗ ಕಾದಳು, ರೊಟ್ಟಿ ಕೊಡುವಾಗ ಕಾದಳು.

*

ಗಂಡಸರು ಕೃಷ್ಣೆಯ ದಂಡೆಗೆ ಹೋದರು. ಣಮೋಕಾರ ಮಂತ್ರದ ದನಿ ಕಬ್ಬಿನ ಗಾಡಿಗಳ ಗಂಟೆಯೊಡನೆ ಕಲೆತು, ತೆಳ್ಳಗಾಗಿ, ಓಣಿಯ ತಿರುವಿನಲ್ಲಿ ಇಲ್ಲವಾಯಿತು. ಹೆಂಗಸರು ಒಬ್ಬೊಬ್ಬರಾಗಿ ತಲೆಗೆ ನೀರು ಹಾಕಿಕೊಂಡರು. ಲಕ್ಷ್ಮಿಬಾಯಿ ಹೊಸದಾಗಿ ಸೇದಿದ ನೀರಿನ ಬಳಿ ಮಗಳನ್ನು ಕೂರಿಸಿಕೊಂಡಳು.

ಮೊದಲ ಚಂಬು ನೀರಿಗೆ ಹುಡುಗಿ ನಡುಗಿದಳು. ಎರಡನೆಯದಕ್ಕೆ ಕಣ್ಣು ಮುಚ್ಚಿದಳು. ಕೂದಲು ಮುಖದ ಮೇಲಿಳಿದು ಅವಳನ್ನು ಪೂರ್ತಿ ಮರೆಮಾಡಿತು. ತಾಯಿ ಮೂರನೆಯ ಚಂಬು ಎತ್ತಿದಳು. ಸುರಿಯಲಿಲ್ಲ. ಕೂದಲ ಹಿಂದೆ ತುಟಿಗಳು ಅಲುಗುತ್ತಿದ್ದವು.

ಹೇಳಿಬಿಡಲಿ, ಒಂದು ಕೊಳವೆಯ ಮಾತಲ್ಲವೇ, ಅಂದುಕೊಂಡಳು ಲಕ್ಷ್ಮಿಬಾಯಿ. ಚಂಬು ಹಿಡಿದ ಕೈ ಗಾಳಿಯಲ್ಲಿ ಹಾಗೇ ನಿಂತಿತ್ತು.

"ಅವ್ವಾ," ಎಂದಳು ರಾಜಮತಿ, "ನಾ ತುಂಬಿಟ್ಟ ನೀರ ಕುಡದು ಸತ್ತರೇನ ಅಜ್ಜಾ?"