ಬೋಣಿಗೆ ಮುಂಚಿನ ಸಕ್ಕರೆ

ಚಿತ್ತೆ ಮಳೆ ಹಿಡಿದಿದ್ದ ಕಾಲ. ಇನ್ನೂ ಪೂರ್ತಿ ಬೆಳಕು ಹರಿದಿರಲಿಲ್ಲ. ಹಾಲಿನ ಗಾಡಿ ಕ್ರೇಟು ಇಳಿಸಿ ಆಗತಾನೆ ಹೋಗಿತ್ತು. ನಾಯಂಡಹಳ್ಳಿಯ ಹಳೇ ಊರಿನಲ್ಲಿ ಜಂಬಣ್ಣ ಅಂಗಡಿಯ ಷಟರನ್ನು ಅರ್ಧ ಎತ್ತಿ, ಹೊಸಿಲು ತೊಳೆದು, ದೇವರ ಪಟಕ್ಕೆ ಊದುಬತ್ತಿ ಬೆಳಗುತ್ತಿದ್ದ.

“ಒಂದ್ ಸಲ ಹೇಳಿದ್ರೆ ಮಂಡೆಗೆ ಹೋಗಲ್ವಾ ನಿಂಗೆ? ಆಚೆ ನಿಂತ್ಕೊ. ಬೋಣಿ ಆಗಿಲ್ಲ.”

ಬೈಸಿಕೊಂಡವಳು ನರಸಮ್ಮ. ಮೋರಿ ದಂಡೆಯ ಶೆಡ್ಡಿನಿಂದ ಓಡಿ ಬಂದಿದ್ದಳು. ಸೀರೆ ಮೊಣಕಾಲವರೆಗೂ ಕೊಚ್ಚೆ, ತಲೆಯಿಂದ ನೀರು ಸೋರುತ್ತಿತ್ತು. ಅವಳು ಕೇಳಿದ್ದು ಸಕ್ಕರೆ. ಸಾಲವಲ್ಲ, ನೋಟು ಮುಷ್ಟಿಯಲ್ಲೇ ಇತ್ತು.

“ಅಣ್ಣಾ, ಮಗಳಿಗೆ ಶುಗರ್ ಇಳ್ದೋಗದೆ. ಮಾತಾಡ್ತಾ ಇಲ್ಲ. ಒಂದ್ ಹಿಡಿ ಕೊಡಣ್ಣ, ಕಾಸ್ ತಗೊ.”

“ಶುಗರ್ ಇರೋರ್ಗೆ ಯಾರಾದ್ರೂ ಸಕ್ರೆ ಕೊಡ್ತಾರೇನೆ? ಬೆಳ್ಬೆಳಗ್ಗೆ ನನ್ ಕಿವಿಗೆ ಹೂವ ಇಡ್ಬೇಡ.”

ದಿನದ ಮೊದಲ ಕಾಸು ಯಾರ ಕೈಯಿಂದ ಬೀಳುತ್ತದೋ ಅಂದಿನ ವ್ಯಾಪಾರವೆಲ್ಲ ಅವರ ಹಣೆಯಂತೆಯೇ ನಡೆಯುತ್ತದೆ ಎಂದು ಜಂಬಣ್ಣ ನಂಬಿದ್ದ. ಹಂಪಿ ಕಡೆಯಿಂದ ಬಂದು ಅಂಗಡಿ ಇಟ್ಟ ದಿನದಿಂದ ಹಾಗೆಯೇ ನಡೆದುಬಂದಿತ್ತು. ಮೊದಲು ಮುತ್ತೈದೆಯರು ಬರಬೇಕು, ಇಲ್ಲವೇ ಮೇಲಿನ ಲೇಔಟಿನ ಗಂಡಸರು. ಗುಜರಿ ಗೋದಾಮಿನಲ್ಲಿ ಕಸ ಬೇರೆ ಮಾಡುವ ಶೆಡ್ಡಿನವರಿಗೆ ಆಮೇಲೆ. ಅದೂ ಒಳಗಲ್ಲ, ಮೆಟ್ಟಿಲಿನ ಪಕ್ಕ ಒಂದು ಸಿಮೆಂಟು ಇಟ್ಟಿಗೆ ಇತ್ತು, ಅದರ ಮೇಲೆ ಕಾಸು ಇಡಬೇಕು, ಅದರ ಮೇಲೇ ಸಾಮಾನು ಬರುತ್ತಿತ್ತು. ನರಸಮ್ಮನದು ಬರೀ ಹಣೆ. ಗಂಡ ಗೋದಾಮಿನ ಲಾರಿಯ ಕೆಳಗೆ ಸಿಕ್ಕಿ ಹೋದ ಮೇಲೆ ಅವಳು ಹೊತ್ತೇರಿದ ಮೇಲಲ್ಲದೆ ಅಂಗಡಿ ಕಡೆ ಬಂದವಳಲ್ಲ. ಇವತ್ತು ಬಂದಿದ್ದಳು. ಬಂದರೂ ಕಾಲು ತಾನಾಗೇ ಇಟ್ಟಿಗೆಯ ಆಚೆಗೇ ನಿಂತಿತ್ತು.

ಲತಾ ಅವಳ ಒಬ್ಬಳೇ ಮಗಳು. ಎಂಟನೇ ಕ್ಲಾಸಿನಲ್ಲಿದ್ದಾಗ ಸಕ್ಕರೆ ಕಾಯಿಲೆ ಅಂತ ಗೊತ್ತಾಯಿತು. ಸರ್ಕಾರಿ ಆಸ್ಪತ್ರೆಯಲ್ಲಿ ಕೊಡುವ ಇಂಜೆಕ್ಷನ್ ಸೀಸೆಯನ್ನು ಒದ್ದೆ ಮರಳು ತುಂಬಿದ ಮಡಕೆಯಲ್ಲಿ ಹೂತು ತಂಪಾಗಿ ಇಟ್ಟುಕೊಂಡು, ಊಟಕ್ಕೆ ಮುಂಚೆ ತಾನೇ ಹೊಟ್ಟೆಗೆ ಚುಚ್ಚಿಕೊಳ್ಳುತ್ತಿದ್ದಳು. ಹಿಂದಿನ ಸಂಜೆಯೂ ಚುಚ್ಚಿಕೊಂಡಳು. ಒಲೆಯ ಮೇಲೆ ಅನ್ನಕ್ಕೆ ಎಸರು ಕುದಿಯುತ್ತಿತ್ತು. ಅಷ್ಟರಲ್ಲಿ ಮೋರಿ ಉಕ್ಕಿತು. ಕಪ್ಪು ನೀರು ಬಾಗಿಲಿನಿಂದ ಬಂತು, ಗೋಡೆಯ ಸಂದಿನಿಂದಲೂ ಬಂತು; ಒಲೆ ಮುಳುಗಿತು, ಅಕ್ಕಿ, ಬೆಲ್ಲ, ಸಕ್ಕರೆ ಡಬ್ಬ ಎಲ್ಲ ತೇಲಿದವು. ಶೆಡ್ಡಿನವರೆಲ್ಲ ಗೋದಾಮಿನ ರಟ್ಟಿನ ಮೂಟೆಗಳ ಮೇಲೆ ಹತ್ತಿ ಕೂತರು. ಹಸಿವೇ ಇಲ್ಲ ಕಣಮ್ಮ, ನಿದ್ದೆ ಬರ್ತಿದೆ ಅಂತ ಲತಾ ಮೂಟೆಗೆ ಒರಗಿದಳು. ಎಲ್ಲರೂ ಹಸಿದೇ ಮಲಗಿದ್ದರಿಂದ ಆ ಮಾತನ್ನು ಯಾರೂ ಬೇರೆ ಥರ ಕೇಳಿಸಿಕೊಳ್ಳಲಿಲ್ಲ.

ನಸುಕಿಗೆ ನರಸಮ್ಮ ಮುಟ್ಟಿ ನೋಡಿದರೆ ಮಗಳ ಮೈ ಬೆವೆತು ತೊಪ್ಪೆಯಾಗಿತ್ತು. ಏನೇನೋ ಬಡಬಡಿಸಿದಳು, ತಾಯಿಯನ್ನೇ ನೀನ್ಯಾರು ಅಂದಳು, ಆಮೇಲೆ ಅದೂ ನಿಂತಿತು. ಆಸ್ಪತ್ರೆಯ ನರ್ಸು ಶಶಿಕಲಾ ಹಿಂದೆ ಬಿಡಿಸಿ ಹೇಳಿದ್ದಳು: ಹೀಗಾದರೆ ಡಾಕ್ಟರನ್ನು ಹುಡುಕಿಕೊಂಡು ಹೋಗಬೇಡಿ, ಮೊದಲು ಸಕ್ಕರೆ ಹುಡುಕಿ, ವಸಡಿಗೆ ಉಜ್ಜಿ. ಪಕ್ಕದ ಶೆಡ್ಡಿನ ಮುನಿಯಣ್ಣ ಆಂಬುಲೆನ್ಸಿಗೆ ಫೋನು ಮಾಡಿದ. ಮೈಸೂರು ರೋಡಿನಲ್ಲಿ ಎದೆಮಟ್ಟ ನೀರು, ಸುತ್ತಿಕೊಂಡು ಬರುತ್ತೇವೆ ಎಂದರು. ಯಾರ ಶೆಡ್ಡಿನಲ್ಲೂ ಒಂದು ಚಿಟಿಕೆ ಸಕ್ಕರೆ ಉಳಿದಿರಲಿಲ್ಲ. ಆ ಹೊತ್ತಿಗೆ ತೆರೆಯುವುದು ಜಂಬಣ್ಣನ ಅಂಗಡಿಯೊಂದೇ.

ಅವಳು ಕೈಮುಗಿದಳು. ಜಂಬಣ್ಣ ತಿರುಗಿಯೂ ನೋಡದೆ ಹಾಲಿನ ಪ್ಯಾಕೆಟ್ಟು ಎಣಿಸುತ್ತಾ ಹೋದ. ಒಳಗೆ ಮನೆ, ಹೊರಗೆ ಅಂಗಡಿ. ನಡುವಿನ ಪರದೆ ಸರಿಸಿ ಹೆಂಡತಿ ಗಿರಿಜಾದೇವಿ ಇಣುಕಿದಳು. ನರಸಮ್ಮ ಅವಳಿಗೂ ಹೇಳಿಕೊಂಡಳು: ಅಕ್ಕಾ, ನೀನೂ ಹೆತ್ತವಳು, ಅಂಗಡೀದು ಬೇಡ, ಮನೇದೇ ಒಂದು ಚಮಚ ಕೊಡು. ಗಿರಿಜಾದೇವಿ ಗಂಡನ ಮುಖ ನೋಡಿದಳು. ಶುಕ್ರವಾರ ಬೆಳಗ್ಗೆ ಮನೆಯ ಸಕ್ಕರೆ ಹೊಸಿಲು ದಾಟಬಾರದು ಕಣವಾ, ಇನ್ನೊಂದು ಗಳಿಗೆ ತಡಕೋ, ಯಾರಾದರೂ ಬರ್ತಾರೆ ಎಂದು ಮೆಲ್ಲಗೆ ಹೇಳಿ ಪರದೆ ಬಿಟ್ಟಳು.

ಯಾರಾದರೂ ಬರಲಿ ಎಂದು ನರಸಮ್ಮ ರಸ್ತೆಯ ಕಡೆ ನೋಡುತ್ತ ನಿಂತಳು. ಹಾಗೆ ಕಾದು ನಿಂತದ್ದೇ ಆಮೇಲೆ ಅವಳನ್ನು ಬದುಕಿರುವಷ್ಟು ದಿನವೂ ತಿಂದದ್ದು.

ಬಂದವನು ಮೇಲಿನ ಲೇಔಟಿನ ಚನ್ನವೀರೇಶ್. ಬ್ಯಾಂಕಿನಲ್ಲಿ ಆಫೀಸರು. ಕೊಡೆ ಹಿಡಿದು, ಶೂ ನೆನೆಯದ ಹಾಗೆ ಕಲ್ಲಿನಿಂದ ಕಲ್ಲಿಗೆ ಕಾಲಿಡುತ್ತ ಬಂದ. ನರಸಮ್ಮನಿಗೆ ದೇವರೇ ಬಂದಂತಾಯಿತು. ಅವನು ಎರಡು ಪ್ಯಾಕೆಟ್ ಹಾಲು ಕೇಳಿ ಫೋನು ತೆಗೆದು ಗೋಡೆಯ ಸ್ಕ್ಯಾನರಿಗೆ ಹಿಡಿಯಹೋದ. ಜಂಬಣ್ಣ ತಡೆದ.

“ಬೋಣಿ ಸಾರ್. ಫೋನಲ್ ಬಂದಿದ್ದು ಬೋಣಿ ಆಗಲ್ಲ. ಕೈಗೆ ಕಾಸು ಬೀಳ್ಬೇಕು.”

ಚನ್ನವೀರೇಶ್ ಪ್ಯಾಂಟಿನ ಎರಡೂ ಜೇಬು ತಡಕಿ ನಕ್ಕ. ಈಗ ಕ್ಯಾಶ್ ಯಾರು ಇಟ್ಕೋತಾರೆ ಮಾರಾಯ ಎಂದ. ನರಸಮ್ಮ ತನ್ನ ನೋಟನ್ನು ಅವನ ಕಡೆ ಚಾಚಿದಳು. ಸಾರ್, ಇದ್ನ ತಗೊಂಡು ನಿಮ್ ಕೈಯಿಂದ ಕೊಡಿ, ನನ್ ಮಗಳು ಸಾಯ್ತಾವ್ಳೆ ಎಂದಳು. ಅವನು ಒದ್ದೆ ನೋಟನ್ನೂ ಅವಳ ಕೈಯನ್ನೂ ನೋಡಿದ. ಉಗುರಿನೊಳಗೆಲ್ಲ ಮೋರಿಯ ಕಪ್ಪು. ಕೊಡೆಯನ್ನು ಆ ಕೈಯಿಂದ ಈ ಕೈಗೆ ಬದಲಾಯಿಸಿಕೊಂಡು, ಕೊಟ್ಬಿಡ್ರೀ ಜಂಬಣ್ಣ, ಪಾಪ ಎಂದ.

“ನೀವ್ ಹಾಲ್ ತಗೊಂಡೋಗಿ ಸಾರ್, ದುಡ್ಡು ಆಮೇಲೆ ನೋಡ್ಕೊಳಾಣ,” ಅಂದ ಜಂಬಣ್ಣ.

ಚನ್ನವೀರೇಶ್ ಹಾಲು ತೆಗೆದುಕೊಂಡು, ಬಂದ ಹಾಗೆಯೇ ಕಲ್ಲಿನಿಂದ ಕಲ್ಲಿಗೆ ಕಾಲಿಡುತ್ತ ಹೋದ.

ನರಸಮ್ಮ ಅವನ ಬೆನ್ನು ನೋಡಿದಳು. ಅಲ್ಲಿಯವರೆಗೆ ಅವಳ ದನಿ ಏರಿರಲಿಲ್ಲ. ಈಗಲೂ ಏರಲಿಲ್ಲ.

“ಅವರಿಗೆ ಬೋಣಿ ಇಲ್ದೇನೇ ಕೊಟ್ಯಲ್ಲಣ್ಣ.”

“ಅದು ಹಾಲು ಕಣೆ. ಬೆಳ್ಳಗಿರೋ ವಸ್ತು, ಶುಭ.”

“ಸಕ್ರೆ ಕಪ್ಪಗದಾ?”

“ಬಾಯ್ ಮುಚ್ಚೇ ಮುಂಡೆ. ಸಾಮಾನ್ ಕೇಳಕ್ ಬಂದು ನಂಗೇ ವಾದ ಹೇಳ್ತಾಳೆ. ಗಂಡನ್ನ ತಿಂದ್ಕೊಂಡ್ ಕೈ ನಿಂದು, ಅದ್ರಲ್ಲಿ ಬೋಣಿ ಮಾಡಿಸ್ಕೊಂಡು ನಾನೂ ಬೀದೀಗ್ ಬೀಳ್ಲಾ?”

ನರಸಮ್ಮ ಇಟ್ಟಿಗೆಯನ್ನು ದಾಟಿದಳು. ಮೆಟ್ಟಿಲು ಹತ್ತಿದಳು. ಅಂಗಡಿಯ ಒಳಗನ್ನು ಅವಳು ಅಷ್ಟು ಹತ್ತಿರದಿಂದ ನೋಡಿದ್ದು ಅದೇ ಮೊದಲು. ಸಕ್ಕರೆ ಮೂಟೆ ಎಡಗಡೆಗಿತ್ತು, ಹೊಸದು, ಬಾಯಿ ಹೊಲಿದಿದ್ದು. ಜಂಬಣ್ಣನಿಗೆ ಏನಾಗುತ್ತಿದೆ ಎಂದು ಹೊಳೆಯುವ ಮೊದಲೇ ಬಗ್ಗಿ ಹೊಲಿಗೆಯ ದಾರವನ್ನು ಹಲ್ಲಿನಿಂದ ಕಚ್ಚಿ ಹರಿದಳು. ವರ್ಷಗಟ್ಟಲೆ ಗೋದಾಮಿನಲ್ಲಿ ಮೂಟೆ ಬಿಚ್ಚಿದ ಬಾಯಿ ಅದು. ಕೈ ಒಳಗೆ ತೂರಿಸಿದಳು.

ಜಂಬಣ್ಣ ಷಟರ್ ಎಳೆಯುವ ಕಬ್ಬಿಣದ ಕೊಕ್ಕೆ ತೆಗೆದುಕೊಂಡು ಅವಳ ಮಣಿಕಟ್ಟಿಗೆ ಬೀಸಿದ. ಎರಡನೆಯ ಏಟು ಮೊಣಕೈಗೆ ಬಿತ್ತು. ಮುಷ್ಟಿ ಬಿಚ್ಚಲಿಲ್ಲ. ಇನ್ನೊಂದು ಕೈಯಲ್ಲಿದ್ದ ನೋಟನ್ನು ಅವನ ಮುಖಕ್ಕೆ ಎಸೆದು ಅಂದಳು: “ತಗೊಳೋ ಲೋಫರ್. ಆಯ್ತು ನಿನ್ ಬೋಣಿ.”

ಓಡಿದಳು. ಮಳೆ ಜೋರಾಗಿತ್ತು. ಅಂಗಡಿಯಿಂದ ಶೆಡ್ಡಿಗೆ ದೂರ ಏನಿಲ್ಲ, ಆದರೆ ದಾರಿಯೆಲ್ಲ ನೀರು, ಕಾಲು ಹೂತುಕೊಳ್ಳುವ ರಾಡಿ. ಮುಷ್ಟಿಯನ್ನು ಸೆರಗಿನೊಳಗೆ ಇಟ್ಟುಕೊಂಡಳು; ಸೆರಗೇ ಒದ್ದೆ. ಎದೆಗೆ ಒತ್ತಿಕೊಂಡಳು, ಎದೆಯೂ ಒದ್ದೆ. ಬೆರಳ ಸಂದಿನಿಂದ ಅಂಟು ಅಂಟಾಗಿ ಮಣಿಕಟ್ಟಿಗೆ ಇಳಿಯುವುದು ಗೊತ್ತಾಗುತ್ತಿತ್ತು. ನಿಂತು ನೋಡುವಂತಿಲ್ಲ, ಓಡುವಂತೆಯೂ ಇಲ್ಲ. ಗೋದಾಮಿನೊಳಗೆ ಹೋಗಿ ಮಗಳ ಪಕ್ಕ ಕೂತು ಮುಷ್ಟಿ ಬಿಚ್ಚಿದಾಗ ಅಂಗೈಯ ಗೆರೆಗಳಲ್ಲಿ ಬೂದು ಬಣ್ಣದ ಪಾಕ ಇತ್ತು, ಅಷ್ಟೇ.

ಮುನಿಯಣ್ಣ ಲತಾಳ ದವಡೆ ಅಗಲಿಸಿ ಹಿಡಿದ. ನರಸಮ್ಮ ಬೆರಳನ್ನು ಒಂದೊಂದಾಗಿ ಕೆನ್ನೆಯ ಒಳಗೆ, ವಸಡಿಗೆ ಉಜ್ಜಿದಳು. ನೆಕ್ಕೇ ನನ್ನವ್ವ, ನೆಕ್ಕೇ ಅಂತ ಅಂಗೈಯನ್ನೇ ಬಾಯಿಗೆ ಒತ್ತಿದಳು. ನಾಲಗೆ ಒಂದು ಸಲ ಅಲುಗಿತು. ಅಲುಗಿದ್ದನ್ನು ತಾನೂ ಕಂಡೆ ಎಂದು ಮುನಿಯಣ್ಣ ಕಡೆತನಕ ಹೇಳುತ್ತಿದ್ದ.

ಆಂಬುಲೆನ್ಸು ಬಂದಾಗ ಬಿಸಿಲು ಬಂದಿತ್ತು. ಆಸ್ಪತ್ರೆಯಲ್ಲಿ ಗ್ಲುಕೋಸು ಏರಿಸಿದರು. ಮಿದುಳಿಗೆ ಸಕ್ಕರೆ ಸಿಗದೆ ತುಂಬ ಹೊತ್ತಾಗಿಬಿಟ್ಟಿದೆ, ಇನ್ನೂ ಮುಂಚೆ ಬಾಯಿಗೆ ಬಿದ್ದಿದ್ದರೆ ನೋಡಬಹುದಿತ್ತು ಎಂದು ಚಿಕ್ಕ ವಯಸ್ಸಿನ ಡಾಕ್ಟರು ಹೇಳಿದ. ಎಷ್ಟು ಮುಂಚೆ ಎಂದು ನರಸಮ್ಮ ಕೇಳಿದಳು. ಅವನು ಅವಳ ಬಾತಿದ್ದ ಮಣಿಕಟ್ಟು ನೋಡಿ ಅದಕ್ಕೊಂದು ಎಕ್ಸ್‌ರೇ ತೆಗೆಸಿ ಎಂದ.

ಆಸ್ಪತ್ರೆಗೆ ಅನ್ನ ತಂದ ಶೆಡ್ಡಿನ ರಾಮಕ್ಕ ಅಂಗಡಿಯ ಸುದ್ದಿ ತಂದಳು. ಜಂಬಣ್ಣ ನೆಲಕ್ಕೆಲ್ಲ ಗಂಜಲ ಹಾಕಿ ತೊಳೆಸಿದನಂತೆ. ಮೂಟೆಯ ಮೇಲಿನ ಸಕ್ಕರೆಯನ್ನು ಒಂದು ಮೊರದ ತುಂಬ ತೆಗೆದು ಮೋರಿಗೆ ಸುರಿಸಿದನಂತೆ. ನರಸಮ್ಮ ತುತ್ತನ್ನು ಕೈಯಲ್ಲೇ ಹಿಡಿದು ಕೇಳಿಸಿಕೊಂಡಳು. ಒಂದ್ ಮೊರಾನಾ, ಅಂದಳು. ತುತ್ತನ್ನು ತಟ್ಟೆಗೆ ಇಟ್ಟು ಕೈ ತೊಳೆದಳು.

ಲತಾ ಭಾನುವಾರ ತೀರಿಕೊಂಡಳು. ಸೋಮವಾರ ಮಣ್ಣಾಯಿತು.

ಮಂಗಳವಾರ ನಸುಕಿಗೆ ಜಂಬಣ್ಣ ಷಟರ್ ಎತ್ತಿದರೆ ಕೆಳಗಿನ ಸಂದಿನಲ್ಲಿ ಎರಡು ಕಾಲು ಕಾಣಿಸಿದವು. ಇಟ್ಟಿಗೆಯ ಆಚೆಗಲ್ಲ, ಮೆಟ್ಟಿಲಿನ ಮೇಲೆ. ನರಸಮ್ಮ ಬಲಗೈಗೆ ಪಟ್ಟಿ ಕಟ್ಟಿಸಿಕೊಂಡು, ಎಡಗೈಯಲ್ಲಿ ನೋಟು ಹಿಡಿದು ನಿಂತಿದ್ದಳು. ಏನು ಬೇಕು ಎಂದು ಗದರಿದ.

“ಬೋಣಿ ಮಾಡಕ್ ಬಂದಿದೀನಿ.”

ಷಟರ್ ಇಳಿಯಿತು. ಅವಳು ಕದಲಲಿಲ್ಲ. ಮಾರನೆಯ ದಿನ ಅವಳ ಪಕ್ಕ ರಾಮಕ್ಕ ನಿಂತಳು, ಅದರ ಮಾರನೆಗೆ ಅಕ್ಕಯ್ಯಮ್ಮ. ಶೆಡ್ಡುಗಳಲ್ಲಿ ಬರೀ ಹಣೆಯ ಹೆಂಗಸರಿಗೆ ಬರವಿರಲಿಲ್ಲ. ಯಾರೂ ಕೂಗಲಿಲ್ಲ, ಬೈಯಲಿಲ್ಲ. ಕಾಸು ಹಿಡಿದು ನಿಲ್ಲುವರು, ಗೋದಾಮಿನ ಸೈರನ್ನು ಕೂಗಿದರೆ ಕೆಲಸಕ್ಕೆ ಹೋಗುವರು. ಜಂಬಣ್ಣ ಅವರು ಹೋಗುವವರೆಗೂ ಕಾದು ಬಾಗಿಲು ತೆರೆಯತೊಡಗಿದ. ಅಷ್ಟು ಹೊತ್ತಿಗೆ ಹೊರಗಿನ ಹಾಲು ಒಡೆದಿರುತ್ತಿತ್ತು, ಲೇಔಟಿನವರು ಬೇರೆ ಕಡೆ ಹೋಗಿರುತ್ತಿದ್ದರು. ಅವನು ಪೊಲೀಸಿಗೆ ಹೇಳಿದ. ಬಂದ ಪೇದೆ, ಏನ್ರಮ್ಮ ನಿಮ್ ಗಲಾಟೆ ಎಂದ. ಸಾಮಾನು ತಗೊಳ್ಳಕ್ಕೆ ನಿಂತಿದೀವಿ ಸಾರ್, ಕಾಸೈತೆ ಎಂದು ಅಕ್ಕಯ್ಯಮ್ಮ ನೋಟು ತೋರಿಸಿದಳು. ಪೇದೆ ಜಂಬಣ್ಣನ ಮುಖ ನೋಡಿದ, ಜಂಬಣ್ಣ ನೆಲ ನೋಡಿದ.

ದೀಪಾವಳಿ ಅಮಾವಾಸ್ಯೆಯ ದಿನ ಅಂಗಡಿಗೆ ಬಾಳೆಕಂದು ಕಟ್ಟಿ, ಲಕ್ಷ್ಮಿ ಪೂಜೆಗೆ ಅಣಿ ಮಾಡಿ ಷಟರ್ ಎತ್ತಿದ. ಮೆಟ್ಟಿಲ ತುಂಬ ಅವರೇ ಇದ್ದರು. ಗಿರಿಜಾದೇವಿ ಒಳಗಿನಿಂದ ಬಂದು, ಒಬ್ಬಳ ಹತ್ರ ಇಸ್ಕೊಂಬಿಡ್ರೀ, ಮುಗೀಲಿ ಎಂದು ಗಂಡನಿಗೆ ಕೈಮುಗಿದಳು. ಅವನು ಅವಳನ್ನು ಒಳಗೆ ತಳ್ಳಿ ಷಟರ್ ಎಳೆದ. ಪೂಜೆ ಒಳಗೇ ಆಯಿತು. ಗಂಟೆಯ ಸದ್ದು ಹೊರಗೆ ಕೇಳಿಸುತ್ತಿತ್ತು.

ಬಾಪೂಜಿ ನಗರದೊಳಗೆ ಬೇರೆ ಮಳಿಗೆ ಹಿಡಿದು ಜಂಬಣ್ಣ ಸಾಮಾನೆಲ್ಲ ಟೆಂಪೋಗೆ ಹೇರಿಕೊಂಡು ಹೋದದ್ದು ಅದರ ಮುಂದಿನ ಬುಧವಾರ. ಗುರುವಾರ ನಸುಕಿನಲ್ಲಿ ರಾಮಕ್ಕ ಚೊಂಬು ಹಿಡಿದು ಆ ದಾರಿಯಲ್ಲಿ ಬಂದಾಗ, ಬೀಗ ಬಿದ್ದ ಷಟರಿನ ಮುಂದೆ ನರಸಮ್ಮ ನಿಂತಿದ್ದಳು, ಕೈಯಲ್ಲಿ ನೋಟು ಹಿಡಿದು.