ನಾನೇ ಅಂಟಿಸಿದ ನೋಟಿಸು

ಶುಕ್ರವಾರ ಬೆಳಿಗ್ಗೆ ಒಂಬತ್ತೂವರೆಗೆ ಬಿಳಿ ಕೋಟು ತೊಟ್ಟು, ಕೂದಲು ಬಿಗಿದು ಕಟ್ಟಿ, ಎರಡು ಪೆನ್ನು ಹಿಡಿದು ರಸಾಯನಶಾಸ್ತ್ರದ ಲ್ಯಾಬಿನ ಬಾಗಿಲಿಗೆ ಬಂದೆ. ಒಳಗೆ ಅಟೆಂಡರ್ ಒಬ್ಬರೇ ಸಿಂಕಿನ ಮುಂದೆ ನಿಂತು ಗಾಜಿನ ಸಾಮಾನು ತೊಳೆಯುತ್ತಿದ್ದರು.

"ಪ್ರಾಕ್ಟಿಕಲ್ ಪರೀಕ್ಷೆ ಇಲ್ಲೇ ಅಲ್ವಾ?" ಎಂದೆ.

"ನಿನ್ನೇನೇ ಮುಗೀತಲ್ಲಮ್ಮ." ಅವರು ನಲ್ಲಿ ಕೂಡ ನಿಲ್ಲಿಸಲಿಲ್ಲ. "ದಿನ ಬದಲಾಯಿಸಿದ್ದು ನೀವೇ ಅಲ್ವಾ?"

ಹೌದು, ನಾನೇ. ವಿದ್ಯಾರ್ಥಿ ಸಂಘದ ಅಧ್ಯಕ್ಷೆಯೆಂಬ ಈ ಮಹಾನುಭಾವಳೇ. ಶುಕ್ರವಾರ ಪಂದ್ಯವಿದೆ, ಪರೀಕ್ಷೆ ಒಂದು ದಿನ ಮುಂಚೆ ಇಡಿಸಿ ಎಂದು ವಾಲಿಬಾಲ್ ತಂಡದವರು ನನ್ನ ಬೆನ್ನು ಹತ್ತಿದ್ದರು. ರಸಾಯನಶಾಸ್ತ್ರದ ಮೇಡಂ ಜೊತೆ ಮೂರು ದಿನ ವಾದ ಮಾಡಿ ಗೆದ್ದಿದ್ದೆ. ನೋಟಿಸು ಟೈಪ್ ಮಾಡಿದ್ದು ನಾನು, ಸಹಿ ಹಾಕಿದ್ದು ನಾನು, ಗೋಂದು ಮೆತ್ತಿ ಬೋರ್ಡಿಗೆ ಅಂಟಿಸಿದ್ದೂ ನಾನು. ಊರಿಗೆಲ್ಲ ಹೇಳಿ, ನನ್ನ ಡೈರಿಯಲ್ಲಿ ಮಾತ್ರ ಶುಕ್ರವಾರವನ್ನು ಹಾಗೇ ಬಿಟ್ಟಿದ್ದೆ.

ಗುರುವಾರ ಪರೀಕ್ಷೆ ನಡೆಯುವ ಹೊತ್ತಿಗೆ ನಾನು ಹಾಸ್ಟೆಲಿನ ಕುಡಿಯುವ ನೀರಿನ ಯಂತ್ರದ ದೂರು ಹಿಡಿದು ಪ್ರಿನ್ಸಿಪಾಲರ ಕೋಣೆಯ ಹೊರಗೆ ಬೆಂಚು ಕಾಯುತ್ತಿದ್ದೆ. ಯಂತ್ರ ಕೆಟ್ಟು ಮೂರು ವಾರವಾಗಿತ್ತು. ಈಗ ಲ್ಯಾಬಿನ ಬಾಗಿಲಲ್ಲೇ ಸಂಘದ ಫೋನ್ ತೆಗೆದು ನೋಡಿದೆ. ಅಧ್ಯಕ್ಷರಿಂದ ಅಧ್ಯಕ್ಷರಿಗೆ ಕೈ ಬದಲಾಗುತ್ತಾ ಬಂದಿರುವ, ಮೂಲೆ ಒಡೆದ ಫೋನ್ ಅದು. ಗುರುವಾರ ಬೆಳಿಗ್ಗೆ ಎಂಟೂ ಹತ್ತಕ್ಕೆ ಸಹಪಾಠಿಯೊಬ್ಬಳ ಸಂದೇಶ: "ಪ್ರಾಕ್ಟಿಕಲ್ ಇವತ್ತೇ ಅಲ್ವಾ?" ಅದರ ಕೆಳಗೆ ನನ್ನ ಉತ್ತರ: "ಹೌದು. ಬೋರ್ಡ್ ನೋಡಿ."

ತಲೆ ಚಚ್ಚಿಕೊಳ್ಳಬೇಕೆನಿಸಿತು. ದಿನಕ್ಕೆ ನೂರು ಜನರಿಗೆ ಉತ್ತರ ಕೊಟ್ಟೂ ಕೊಟ್ಟೂ ನನ್ನ ಬೆರಳಿಗೂ ತಲೆಗೂ ಮಾತುಕತೆಯೇ ನಿಂತುಹೋಗಿತ್ತು. ಅವಳಿಗೆ ಫೋನ್ ಮಾಡಿ ರೇಗಿದೆ. "ನೀನು ಬರ್ಲಿಲ್ಲ ಅಂತ ನೋಡಿದ್ವಿ ಕಣೇ. ಅಧ್ಯಕ್ಷರಿಗೆ ಬೇರೆ ಟೈಮ್ ಕೊಟ್ಟಿರ್ತಾರೆ ಅಂದ್ಕೊಂಡ್ವಿ," ಎಂದಳು.

ಪ್ರಾಕ್ಟಿಕಲ್ ಅಂಕವಿಲ್ಲದಿದ್ದರೆ ಈ ವರ್ಷ ವೈದ್ಯಕೀಯ ಕಾಲೇಜಿಗೆ ಅರ್ಜಿ ಹಾಕುವಂತಿಲ್ಲ. ಎರಡು ವರ್ಷದ ಓದು ಒಂದು ನೀರಿನ ಯಂತ್ರದ ಬಾಬ್ತು ಕೊಚ್ಚಿಹೋಗುವುದರಲ್ಲಿತ್ತು.

ರಸಾಯನಶಾಸ್ತ್ರದ ಮೇಡಂ ದನಿ ಏರಿಸುವವರಲ್ಲ. ಏರಿಸಿದ್ದರೇ ವಾಸಿಯಿತ್ತು. "ನನ್ನ ಹತ್ರ ವಾದ ಮಾಡೋವಾಗ ದಿನಾಂಕ ಬಾಯಿಪಾಠ ಇತ್ತಲ್ಲಮ್ಮ?" ಎಂದು ಮರುಪರೀಕ್ಷೆಯ ಅರ್ಜಿ ಮುಂದಿಟ್ಟರು. "ನಾಳೆ ಹತ್ತಕ್ಕೆ. ಮಧ್ಯಾಹ್ನ ಅಂಕ ಕಳಿಸಿಬಿಡ್ತೀನಿ. ಅದಾದ್ಮೇಲೆ ನನ್ನ ಕೈಲೂ ಏನಿಲ್ಲ."

ಅರ್ಜಿಯ ಕೊನೆಯಲ್ಲಿ ಸಂಘದ ಅಧ್ಯಕ್ಷರ ಸಹಿ ಬೇಕಿತ್ತು. ಪೆನ್ನು ತೆಗೆದೆ. ಮೇಡಂ ಹಾಳೆಯ ಮೇಲೆ ಕೈಯಿಟ್ಟರು.

"ನಿನ್ನ ಅರ್ಜಿಗೆ ನೀನೇ ಸಹಿನಾ? ಉಪಾಧ್ಯಕ್ಷನ ಕೈಲಿ ಹಾಕಿಸ್ಕೊಂಡು ಬಾ."

ಉಪಾಧ್ಯಕ್ಷ ಸಹಿ ಹಾಕಬೇಕಾದರೆ ಅಧ್ಯಕ್ಷರು ರಜೆಯಲ್ಲಿರಬೇಕು. ರಜೆಯೆಂದರೆ ಕನಿಷ್ಠ ಹದಿನೈದು ದಿನ. ಅದು ಸಂಘದ ನಿಯಮ. ನಾಳೆ ಹತ್ತಕ್ಕೇ ಸಂಘದ ವಾರ್ಷಿಕ ಸಭೆ. ಅದಕ್ಕೆ ಇಪ್ಪತ್ತಾರು ಪುಟದ ವರದಿ ಬರೆದಿದ್ದೆ. ಇನ್ನು ಉಪಾಧ್ಯಕ್ಷನೋ, ನಾನು ಹತ್ತು ಮಾತು ಮುಗಿಸುವಷ್ಟರಲ್ಲಿ ಒಂದು ಮಾತಿಗೆ ಬಾಯಿ ತೆರೆಯುವ ಆಸಾಮಿ. ಎಲ್ಲರೂ ಅವನನ್ನು ನಿಧಾನಿ ಎಂದೇ ಕರೆಯುತ್ತಾರೆ. ವರ್ಷವಿಡೀ ಅವನಿಗೆ ಕುರ್ಚಿ ಜೋಡಿಸುವ ಕೆಲಸ ಬಿಟ್ಟು ಬೇರೇನೂ ಕೊಟ್ಟಿರಲಿಲ್ಲ.

ಮನೆಗೆ ಹೋದೆ. ಅಮ್ಮ ಮಧ್ಯಾಹ್ನದ ಪಾಳಿಗೆ ಹೊರಡಲು ನರ್ಸ್ ಸಮವಸ್ತ್ರ ಇಸ್ತ್ರಿ ಮಾಡುತ್ತಿದ್ದಳು. ಎಲ್ಲವನ್ನೂ ಒಂದೇ ಉಸಿರಿಗೆ ಒದರಿದೆ. "ರಜೆ ಕಾಗದದ ಮೇಲಷ್ಟೇ ಇಟ್ಟು, ಸಭೇನ ಹನ್ನೆರಡಕ್ಕೆ ಹಾಕಿದ್ರೆ ಎರಡೂ ಆಗುತ್ತಮ್ಮ. ನಿಧಾನಿ ಕೈಗೆ ಕೊಟ್ರೆ ಎಲ್ಲಾ ಎಕ್ಕುಟ್ಟೋಗುತ್ತೆ."

"ನಾನು ಪಾಳಿ ಮುಗಿದಾಗ ಏನ್ ಮಾಡ್ತೀನಿ?" ಎಂದಳು ಅಮ್ಮ.

"ಮುಂದಿನ ನರ್ಸಿಗೆ ಒಪ್ಪಿಸಿ ಬರ್ತೀಯ. ಒಂದೊಂದು ಮಂಚದ ಹತ್ರಾನೂ ನಿಂತು ಹೇಳಿ."

"ಮನೆಗೆ ಬಂದ್ಮೇಲೆ, ಮೂರನೇ ಮಂಚದವರಿಗೆ ಮಾತ್ರೆ ಕೊಟ್ರಾ ಅಂತ ಫೋನ್ ಮಾಡ್ತೀನಾ?"

"ಇಲ್ಲ."

"ಯಾಕೆ ಹೇಳು? ಮಾಡಿದ್ರೆ ಅವಳು ಮಂಚ ಬಿಟ್ಟು ಫೋನ್ ಹತ್ರ ಬರ್ಬೇಕಾಗುತ್ತೆ. ಡಾಕ್ಟರ್ ಆಗ್ತೀನಿ ಅಂತ ಕುಣೀತೀಯ, ಒಪ್ಪಿಸೋಕೇ ಬರಲ್ವಲ್ಲೇ ನಿಂಗೆ!"

ಸಿಟ್ಟಿನಲ್ಲೇ ರಜಾ ಪತ್ರ ಬರೆಯಲು ಕೂತೆ.

ಸಂಜೆ ನಾಲ್ಕಕ್ಕೆ ನಿಧಾನಿಯನ್ನು ಕರೆದುಕೊಂಡು ಕಾಲೇಜು ಸುತ್ತಿದೆ. ಕೆಟ್ಟ ನೀರಿನ ಯಂತ್ರದ ಮುಂದೆ ನಿಂತು ಅದರ ಕಥೆ ಹೇಳಿದೆ, ಗ್ರಂಥಾಲಯದ ಮುಂದೆ ನಿಂತು ಅಲ್ಲಿನ ಜಗಳ ಹೇಳಿದೆ. ಸಂಘದ ಕೋಣೆಯ ಬೀಗದ ಕೈ, ಫೋನ್, ಇಪ್ಪತ್ತಾರು ಪುಟದ ವರದಿ, ಹದಿನೈದು ದಿನದ ರಜಾ ಪತ್ರ, ಎಲ್ಲವನ್ನೂ ಕೊಟ್ಟೆ. ಅವನು ನನ್ನ ಅರ್ಜಿಯನ್ನು ಎರಡು ಸಲ ಓದಿ ಸಹಿ ಹಾಕಿದ. ಆಮೇಲೆ ಕೇಳಿದ, "ನಡುವೆ ನಡುವೆ ಫೋನ್ ಮಾಡ್ತೀಯಾ?"

"ಇಲ್ಲ."

"ಬರ್ಕೊಡು."

ಮೈಯೆಲ್ಲ ಉರಿಯಿತು. ಬರೆದುಕೊಟ್ಟೆ.

ಶನಿವಾರ ಲ್ಯಾಬಿನಲ್ಲಿ ನಾನು, ಮೇಡಂ ಮತ್ತು ಒಂದು ಬ್ಯೂರೆಟ್. ಹನಿ ಹನಿಯಾಗಿ ಬಿಡುತ್ತಾ ಫ್ಲಾಸ್ಕಿನ ದ್ರಾವಣ ತಿಳಿ ಗುಲಾಬಿಗೆ ತಿರುಗಿದ ಕ್ಷಣಕ್ಕೆ ನಿಲ್ಲಿಸಬೇಕು. ಒಂದು ಹನಿ ಹೆಚ್ಚಾದರೆ ಮತ್ತೆ ಮೊದಲಿಂದ. ಬಣ್ಣ ಬರುವ ಹೊತ್ತಿಗೆ ಸರಿಯಾಗಿ ಕೋಟಿನ ಜೇಬಿನಲ್ಲಿ ಫೋನ್ ಗುಂಯ್‌ಗುಟ್ಟಿತು. ಕೈ ತಾನೇ ಅತ್ತ ಹೋಯಿತು. ಜೇಬು ಖಾಲಿ. ಅಲ್ಲಿ ಫೋನೂ ಇರಲಿಲ್ಲ, ಸದ್ದೂ ಬಂದಿರಲಿಲ್ಲ. ಕೈಯನ್ನು ವಾಪಸು ಬ್ಯೂರೆಟ್ಟಿನ ನಲ್ಲಿಯ ಮೇಲಿಟ್ಟೆ. ಇನ್ನೆರಡು ಹನಿಗೆ ಗುಲಾಬಿ ಬಂತು, ನಿಂತಿತು.

"ಇಪ್ಪತ್ತಕ್ಕೆ ಹದಿನೆಂಟು. ಕಳಿಸ್ತೀನಿ," ಎಂದರು ಮೇಡಂ.

ಸಭಾಂಗಣಕ್ಕೆ ಓಡಿದೆ. ಬಾಗಿಲ ಗಾಜಿನಲ್ಲಿ ನಿಧಾನಿ ಕಾಣಿಸಿದ. ನನ್ನ ವರದಿ ಮೇಜಿನ ತುದಿಯಲ್ಲಿ ಬಿಚ್ಚದೆ ಬಿದ್ದಿತ್ತು. ಅವನು ತನ್ನ ಗತಿಯಲ್ಲೇ ಹೇಳುತ್ತಿದ್ದ: "ನೀರಿನ ಯಂತ್ರ... ಮೆಕ್ಯಾನಿಕ್‌ಗೆ ಫೋನ್ ಮಾಡ್ದೆ. ಬಂದು ಸರಿ ಮಾಡಿದ್ರು." ಚಪ್ಪಾಳೆಯೋ ಚಪ್ಪಾಳೆ.

ಮೂರು ವಾರ ಬೆಂಚು ಕಾದವಳು ನಾನು! ಹೊಟ್ಟೆ ಉರಿಯಿತು, ಸುಳ್ಳೇಕೆ ಹೇಳಲಿ. ಮೆಕ್ಯಾನಿಕ್‌ಗೇ ಫೋನ್ ಮಾಡಬಹುದೆಂದು ನನಗೆ ಹೊಳೆದೇ ಇರಲಿಲ್ಲ.

ಬಾಗಿಲಲ್ಲಿ ಬ್ಯಾಡ್ಜ್ ಹಾಕಿಕೊಂಡು ನಿಂತಿದ್ದ ಮೊದಲ ವರ್ಷದ ಹುಡುಗಿ ನನ್ನ ಕೋಟನ್ನು ಮೇಲಿಂದ ಕೆಳಗೆ ನೋಡಿದಳು. "ಯಾರು ಬೇಕಿತ್ತು?"

"ಯಾರೂ ಬೇಡ," ಎಂದು ಮನೆಯ ದಾರಿ ಹಿಡಿದೆ.

ಅಮ್ಮ ಪಾಳಿಗೆ ಹೊರಡುವುದರಲ್ಲಿದ್ದಳು. ಹದಿನೆಂಟು ಎಂದೆ. ಚೀಲ ಕೆಳಗಿಟ್ಟು ತಟ್ಟೆ ತಂದಳು.

"ಆ ಹುಡುಗನಿಗೆ ಫೋನ್ ಮಾಡಿದ್ಯಾ?"

"ಇಲ್ಲ."

"ಮಾಡ್ಬೇಕು ಅನ್ನಿಸ್ತಾ?"

"ದಾರೀಲೇ ಹನ್ನೊಂದು ಸಲ."

"ನಂಗೆ ಕೆಲಸಕ್ಕೆ ಸೇರಿದ ಮೊದಲನೇ ವರ್ಷ ದಿನಾ ಅನ್ನಿಸ್ತಿತ್ತು," ಎಂದು ಅಮ್ಮ ಬಡಿಸಿದಳು.